ಕರಾವಳಿ ಹಡಗಿನ ಕ್ಯಾಪ್ಟನ್ ಕೆಲಸ: ಪ್ರಮಾಣಪತ್ರದಿಂದ ಅಳಿವೆ ದಾಟುವವರೆಗೆ

ಮಂಗಳೂರಿನಲ್ಲಿ ಎರಡು ಬಂದರುಗಳಿವೆ. 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾದ ಪಣಂಬೂರಿನ ನವ ಮಂಗಳೂರು ಬಂದರು ಒಂದು. ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕೂಡಿ ಕಡಲು ಸೇರುವಲ್ಲಿ, ಬೆಂಗ್ರೆಯ ಎದುರು ದಡದಲ್ಲಿ ಧಕ್ಕೆಗೆ ತಾಗಿಕೊಂಡಿರುವ ಹಳೇ ಬಂದರು ಇನ್ನೊಂದು. ಪಣಂಬೂರಿಗೆ ಬರುವ ದೊಡ್ಡ ಹಡಗುಗಳನ್ನು ನೋಡಿ ಮರ್ಚೆಂಟ್ ನೇವಿ ಸೇರಬೇಕೆಂದು ಆಸೆಪಡುವ ಹುಡುಗ ಹುಡುಗಿಯರು ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತು ಲಕ್ಷದ್ವೀಪಕ್ಕೆ ಹೊರಡುವ ಸರಕು ಹಡಗನ್ನೋ ದ್ವೀಪದ ಜನರನ್ನು ಕರೆತರುವ ಪ್ರಯಾಣಿಕರ ಹಡಗನ್ನೋ ನಡೆಸುವುದು ಎಂಥ ಕೆಲಸ, ಅದಕ್ಕೆ ಏನೇನು ಕಲಿಯಬೇಕು ಎಂಬುದನ್ನು ಕನ್ನಡದಲ್ಲಿ ಕ್ರಮವಾಗಿ ಹೇಳಿದವರು ಕಡಿಮೆ. ಆ ಕೊರತೆಯನ್ನು ಸ್ವಲ್ಪವಾದರೂ ತುಂಬಲು ಈ ಬರಹ.

ಆರಂಭದಲ್ಲೇ ಒಂದು ಮಾತು ಹೇಳಬೇಕು. ಕರಾವಳಿಯ ಹಡಗು ಚಿಕ್ಕದು, ಆದ್ದರಿಂದ ಕೆಲಸವೂ ಹಗುರ ಎಂಬ ಭಾವನೆ ತಪ್ಪು. ನಡುಗಡಲಿನಲ್ಲಿ ಆದ ತಪ್ಪನ್ನು ತಿದ್ದಿಕೊಳ್ಳಲು ಗಂಟೆಗಳ ಕಾಲಾವಕಾಶ ಇರುತ್ತದೆ. ಹತ್ತು ನಾಟ್, ಎಂದರೆ ಗಂಟೆಗೆ ಹತ್ತು ನಾಟಿಕಲ್ ಮೈಲಿ ವೇಗದಲ್ಲಿ ಸಾಗುವ ಹಡಗು ದಡದ ಕಡೆಗೆ ಮುಖಮಾಡಿ ಎರಡು ಮೈಲಿ ದೂರದಲ್ಲಿದ್ದರೆ ಕ್ಯಾಪ್ಟನ್ ಕೈಯಲ್ಲಿರುವುದು ಹನ್ನೆರಡೇ ನಿಮಿಷ. ಹೀಗಾಗಿ ಕರಾವಳಿಯಲ್ಲಿ ಮುಖ್ಯ ನಿರ್ಧಾರಗಳೆಲ್ಲ ಹಗ್ಗ ಬಿಚ್ಚುವ ಮೊದಲೇ ಆಗಿರಬೇಕು. ಈ ಮಾರ್ಗದರ್ಶಿಯಲ್ಲಿ ಬಂದರು ಬಿಡುವ ಮುಂಚಿನ ಕೆಲಸಗಳಿಗೆ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕಾಗಿಯೇ.

ಮೊದಲ ಹಂತ: ಯಾವ ನೀರು, ಯಾವ ಪ್ರಮಾಣಪತ್ರ

ನದಿ ಮತ್ತು ಹಿನ್ನೀರಿನಲ್ಲಿ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ. ಕಡಲಿಗಿಳಿದ ವಾಣಿಜ್ಯ ಹಡಗುಗಳ ಅಧಿಕಾರಿಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವುದು ಮುಂಬೈಯಲ್ಲಿ ಕೇಂದ್ರ ಕಚೇರಿ ಇರುವ ನೌಕಾಯಾನ ಮಹಾನಿರ್ದೇಶನಾಲಯ, ಎಂದರೆ ಎಲ್ಲರೂ ಡಿಜಿ ಶಿಪ್ಪಿಂಗ್ ಎಂದು ಕರೆಯುವ ಕಚೇರಿ. ಸಂಸತ್ತು 2025ರಲ್ಲಿ ಕರಾವಳಿ ನೌಕಾಯಾನ ಕಾಯ್ದೆಯನ್ನೂ, 1958ರ ಕಾಯ್ದೆಯ ಜಾಗಕ್ಕೆ ಹೊಸ ವಾಣಿಜ್ಯ ನೌಕಾಯಾನ ಕಾಯ್ದೆಯನ್ನೂ ಅಂಗೀಕರಿಸಿದೆ. ನಿಯಮಗಳು ಬದಲಾಗುತ್ತಿರುವ ಕಾಲವಾದ್ದರಿಂದ ಅರ್ಜಿ ಹಾಕುವ ಮುನ್ನ ಆ ಕಚೇರಿಯ ಜಾಲತಾಣದಲ್ಲಿರುವ ಇತ್ತೀಚಿನ ಆದೇಶವನ್ನು ನೀವೇ ಓದಬೇಕು; ಪರಿಚಯದವರ ಬಾಯಿಮಾತನ್ನು ನೆಚ್ಚಬಾರದು.

ಕ್ಯಾಪ್ಟನ್ ಆಗಲು ಎರಡು ದಾರಿಗಳಿವೆ. ಮೊದಲನೆಯದು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರ ದಾರಿ. ಆ ಮೂರು ವಿಷಯಗಳಲ್ಲಿ ಸರಾಸರಿ ಶೇ. 60 ಅಂಕ, ಹತ್ತನೇ ತರಗತಿಯಲ್ಲಿ ಅಥವಾ ಪಿಯುಸಿಯಲ್ಲಿ ಇಂಗ್ಲಿಷಿಗೆ ಶೇ. 50 ಅಂಕ ಇದ್ದವರು 2008ರಲ್ಲಿ ಸ್ಥಾಪನೆಯಾದ ಭಾರತೀಯ ಸಾಗರ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಬಹುದು. ಒಂದು ವರ್ಷದ ನಾಟಿಕಲ್ ಸೈನ್ಸ್ ಡಿಪ್ಲೊಮಾ ಮಾಡಿದವರು ಕೆಡೆಟ್ ಆಗಿ 18 ತಿಂಗಳು, ಮೂರು ವರ್ಷದ ಬಿ.ಎಸ್ಸಿ. ಮುಗಿಸಿದವರು 12 ತಿಂಗಳು ಹಡಗಿನಲ್ಲಿ ಕಲಿಯಬೇಕು. ಅನಂತರ ಸೆಕೆಂಡ್ ಮೇಟ್ ಪರೀಕ್ಷೆ, ವಾಚ್ ಅಧಿಕಾರಿಯಾಗಿ, ಎಂದರೆ ಸರದಿಯಲ್ಲಿ ಹಡಗು ನಡೆಸುವ ಹೊಣೆ ಹೊತ್ತವರಾಗಿ, ಕನಿಷ್ಠ 12 ತಿಂಗಳ ಸೇವೆಯ ಬಳಿಕ ಚೀಫ್ ಮೇಟ್, ಕೊನೆಗೆ ಮಾಸ್ಟರ್, ಎಂದರೆ ಕ್ಯಾಪ್ಟನ್. ನಾವಿಕರ ತರಬೇತಿ ಮತ್ತು ಪ್ರಮಾಣಪತ್ರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ (ಎಸ್.ಟಿ.ಸಿ.ಡಬ್ಲ್ಯು.) ಪ್ರಕಾರ ದೊಡ್ಡ ಹಡಗಿನ ಮಾಸ್ಟರ್ ಪ್ರಮಾಣಪತ್ರಕ್ಕೆ ವಾಚ್ ಅಧಿಕಾರಿಯಾಗಿ 36 ತಿಂಗಳ ಸೇವೆ ಬೇಕು. ಅದರಲ್ಲಿ 12 ತಿಂಗಳು ಚೀಫ್ ಮೇಟ್ ಆಗಿದ್ದರೆ ಒಟ್ಟು 24 ತಿಂಗಳಿಗೆ ಇಳಿಯಬಹುದು. ನಮ್ಮ ದೇಶದ ನಿಯಮಗಳು ಇದಕ್ಕಿಂತ ಹೆಚ್ಚು ಕೇಳಬಹುದು, ಕಡಿಮೆ ಕೇಳುವಂತಿಲ್ಲ.

ಎರಡನೆಯದು ಹತ್ತನೇ ತರಗತಿಯ ನಂತರ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಪಡೆದು ಡೆಕ್ಕಿನ ನಾವಿಕನಾಗಿ ಸೇರುವ ದಾರಿ. ಇದು ನಿಧಾನವಾದರೂ ಗಟ್ಟಿ ದಾರಿ ಎಂದು ನಾನು ಭಾವಿಸಿದ್ದೇನೆ. 500 ಗ್ರಾಸ್ ಟನ್ನಿಗಿಂತ (ಇದು ತೂಕವಲ್ಲ, ಹಡಗಿನ ಒಳಗಾತ್ರದ ಅಳತೆ) ಚಿಕ್ಕದಾದ, ದಡದ ಸಮೀಪದ ಮಾರ್ಗದಲ್ಲೇ ಓಡುವ ಹಡಗಿನ ವಾಚ್ ಅಧಿಕಾರಿಯಾಗಲು ವಿಶೇಷ ತರಬೇತಿ ಇಲ್ಲದಿದ್ದರೆ ಡೆಕ್ಕಿನಲ್ಲಿ 36 ತಿಂಗಳ ಸೇವೆ, ಅಂಥ ಹಡಗಿನ ಮಾಸ್ಟರ್ ಆಗಲು ವಾಚ್ ಅಧಿಕಾರಿಯಾಗಿ ಮತ್ತೆ 12 ತಿಂಗಳು ಎಂಬುದು ಒಪ್ಪಂದದ ಕನಿಷ್ಠ ಮಟ್ಟ. ಭಾರತದಲ್ಲಿ ಕರಾವಳಿ ಮಾರ್ಗಕ್ಕೆಂದೇ ಪ್ರತ್ಯೇಕ ಪ್ರಮಾಣಪತ್ರಗಳ ಸರಣಿ ಇದ್ದು, ಅದನ್ನು ಎನ್.ಸಿ.ವಿ. (ನಿಯರ್ ಕೋಸ್ಟಲ್ ವಾಯೇಜ್) ಎಂದು ಕರೆಯುತ್ತಾರೆ.

ಯಾವ ದಾರಿಯಾದರೂ ಇಂಡೋಸ್ ಸಂಖ್ಯೆ (ನಾವಿಕರ ರಾಷ್ಟ್ರೀಯ ನೋಂದಣಿ ಸಂಖ್ಯೆ), ಸಿಡಿಸಿ ಪುಸ್ತಕ (ನಾವಿಕನ ಗುರುತು ಮತ್ತು ಸೇವೆಯ ದಾಖಲೆ), ಬದುಕುಳಿಯುವ ಕೌಶಲ, ಬೆಂಕಿ ನಂದಿಸುವಿಕೆ, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆಯ ಮೂಲ ತರಬೇತಿಗಳು ಕಡ್ಡಾಯ. ಎಲ್ಲಕ್ಕಿಂತ ಮೊದಲು ಡಿಜಿ ಶಿಪ್ಪಿಂಗ್ ಮಾನ್ಯ ಮಾಡಿದ ವೈದ್ಯರ ಬಳಿ ಕಣ್ಣು ತೋರಿಸಿ. ಕೆಂಪು ಹಸಿರು ಬಣ್ಣ ಗುರುತಿಸಲಾಗದವರಿಗೆ ಬ್ರಿಡ್ಜಿನ, ಎಂದರೆ ಹಡಗು ನಡೆಸುವ ಕೋಣೆಯ, ಕೆಲಸ ಸಿಗುವುದಿಲ್ಲ. ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ಇದು ತಿಳಿಯುವಂತಾಗಬಾರದು. ಕೆಲಸ ಕೊಡಿಸುತ್ತೇವೆಂದು ಹಣ ಕೇಳುವವರಿಂದ ದೂರವಿರಿ. ನಾವಿಕರನ್ನು ನೇಮಿಸುವ ಸಂಸ್ಥೆಗೆ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು ಮತ್ತು ನೇಮಕಾತಿಗಾಗಿ ನಾವಿಕರಿಂದ ಹಣ ಪಡೆಯುವುದು ನಿಯಮಕ್ಕೆ ವಿರುದ್ಧ.

ಎರಡನೇ ಹಂತ: ಹಡಗನ್ನು ವಹಿಸಿಕೊಳ್ಳುವುದು

ಹೊಸ ಹಡಗಿನ ಏಣಿ ಹತ್ತಿದ ದಿನ ಹಿಂದಿನ ಕ್ಯಾಪ್ಟನ್‌ಗೆ ಮನೆಗೆ ಹೋಗುವ ಅವಸರ ಇರುತ್ತದೆ. ಆ ಅವಸರ ನಿಮ್ಮದಾಗಬಾರದು. ಸುರಕ್ಷತಾ ಪ್ರಮಾಣಪತ್ರಗಳ ಅವಧಿ, ಎಷ್ಟು ಪ್ರಯಾಣಿಕರಿಗೆ ಅನುಮತಿ ಇದೆ, ಸ್ಥಿರತೆಯ ಪುಸ್ತಕ ಹಡಗಿನ ಈಗಿನ ರೂಪಕ್ಕೆ ಹೊಂದುತ್ತದೆಯೇ, ಕಂಪಾಸಿನ ದೋಷ ಕೊನೆಯ ಬಾರಿ ಯಾವಾಗ ದಾಖಲಾಗಿದೆ, ಇವನ್ನು ಕಣ್ಣಾರೆ ನೋಡಿ. ಸ್ಟೀರಿಂಗ್ ಗೇರನ್ನು ಹೊರಡುವ ಮುಂಚಿನ 12 ಗಂಟೆಗಳೊಳಗೆ ಪರೀಕ್ಷಿಸಬೇಕು. ಬ್ರಿಡ್ಜಿನಿಂದ ಚುಕ್ಕಾಣಿ ಕೈಕೊಟ್ಟರೆ ಹಿಂಬದಿಯ ಸ್ಟೀರಿಂಗ್ ಕೋಣೆಯಿಂದ ಹಡಗನ್ನು ತಿರುಗಿಸುವ ಅಭ್ಯಾಸ ಮೂರು ತಿಂಗಳಿಗೊಮ್ಮೆ ನಡೆಯಬೇಕೆಂದು ನಿಯಮವಿದೆ. ಹೊಸದಾಗಿ ಬಂದ ಕ್ಯಾಪ್ಟನ್ ಅದನ್ನು ಮೊದಲ ದಿನವೇ ಮಾಡಿಸಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೇ ಹಂತ: ಭಾರ ಮತ್ತು ಸ್ಥಿರತೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಚಿಕ್ಕ ಹಡಗುಗಳು ಮಗುಚುವುದಕ್ಕೆ ಬಿರುಗಾಳಿಯೊಂದೇ ಕಾರಣವಲ್ಲ. ಲೆಕ್ಕ ಹಾಕದೆ ಏರಿಸಿದ ಭಾರವೂ ಅಷ್ಟೇ ದೊಡ್ಡ ಕಾರಣ.

ಹಡಗಿನ ಬದಿಯಲ್ಲಿರುವ ಭಾರದ ಗೆರೆಗಳನ್ನು ಎಲ್ಲರೂ ನೋಡಿರುತ್ತಾರೆ. ಅರಬ್ಬೀ ಸಮುದ್ರದ ನಮ್ಮ ಭಾಗದಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಉಷ್ಣವಲಯದ ಗೆರೆಯವರೆಗೂ, ಜೂನ್ 1ರಿಂದ ಆಗಸ್ಟ್ 31ರವರೆಗೆ ಅದಕ್ಕಿಂತ ಕೆಳಗಿರುವ ಬೇಸಿಗೆಯ ಗೆರೆಯವರೆಗೆ ಮಾತ್ರವೂ ಭಾರ ಹೇರಬಹುದು. ನಮ್ಮ ಪಂಚಾಂಗಕ್ಕೆ ಮಳೆಗಾಲವಾದ ಆ ಮೂರು ತಿಂಗಳು ಹಡಗಿಗೆ ಬೇಸಿಗೆಯ ಗೆರೆ. ಹಳೇ ಬಂದರಿನಲ್ಲಿ ಭಾರ ಹೇರುವವರು ಇನ್ನೊಂದನ್ನೂ ನೆನಪಿಡಬೇಕು. ಮಳೆ ಜೋರಾದಾಗ ಅಲ್ಲಿನ ನೀರು ಹೆಚ್ಚುಕಡಿಮೆ ಸಿಹಿನೀರು. ಕಡಲ ನೀರಿನ ಸಾಂದ್ರತೆ 1.025 ಆದರೆ ಅದರದು 1.000ರ ಹತ್ತಿರ. ಅದೇ ಭಾರಕ್ಕೆ ಹಡಗು ನದಿಯಲ್ಲಿ ಹೆಚ್ಚು ಮುಳುಗುತ್ತದೆ. ಅಳಿವೆಯ ಮರಳದಿಬ್ಬದ ಮೇಲೆ ತಳ ತಾಗುವುದೂ ಆ ಸ್ಥಿತಿಯಲ್ಲೇ.

ಪ್ರಯಾಣಿಕರ ಹಡಗಿನಲ್ಲಿ ಭಾರವೇ ನಡೆದಾಡುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ಸ್ಥಿರತೆಯ ನಿಯಮಗಳು ಒಬ್ಬ ಪ್ರಯಾಣಿಕನ ತೂಕವನ್ನು 75 ಕಿಲೋ ಎಂದು ಎಣಿಸುತ್ತವೆ. 150 ಜನ ಎಂದರೆ ಹನ್ನೊಂದೂಕಾಲು ಟನ್. ದ್ವೀಪ ಕಂಡಿತೆಂದು ಅವರೆಲ್ಲ ಒಂದೇ ಬದಿಗೆ ಬಂದು, ಸರಾಸರಿ ನಾಲ್ಕು ಮೀಟರ್ ಸರಿದರೆಂದುಕೊಳ್ಳಿ. 300 ಟನ್ ತೂಕದ ಹಡಗಿನ ಜಿ.ಎಂ., ಎಂದರೆ ಅದರ ಸ್ಥಿರತೆಯ ಅಳತೆ, 0.6 ಮೀಟರ್ ಇದ್ದರೆ ಹಡಗು ಸುಮಾರು 14 ಡಿಗ್ರಿ ವಾಲುತ್ತದೆ. ಅದೇ ಜಿ.ಎಂ. 1 ಮೀಟರ್ ಇದ್ದರೆ ಎಂಟೂವರೆ ಡಿಗ್ರಿ. ಜನ ಒಂದೆಡೆ ಸೇರಿದಾಗ ಹಡಗು 10 ಡಿಗ್ರಿಗಿಂತ ಹೆಚ್ಚು ವಾಲಬಾರದು ಎಂಬುದು ನಿಯಮ. ಹಾಗಾದರೆ ಮೊದಲ ಹಡಗು ಕಟ್ಟೆಯಲ್ಲಿ ನೆಟ್ಟಗೆ ನಿಂತಿದ್ದರೂ ಹೊರಡಲು ಅರ್ಹವಲ್ಲ. 1947ರ ಜುಲೈ 17ರಂದು ಮುಂಬೈ ಬಳಿ ರಾಮದಾಸ್ ಹಡಗು ಮಗುಚಿ 600ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು, ದಡ ದೂರವಿರಲಿಲ್ಲ.

ಸ್ಥಿರತೆಯನ್ನು ಕಡಲಿನಲ್ಲೇ ಅಳೆದು ನೋಡುವ ಒಂದು ಸರಳ ವಿಧಾನವಿದೆ, ಅದನ್ನು ಪ್ರತಿ ಪ್ರಯಾಣದಲ್ಲೂ ಮಾಡಿ. ಗಡಿಯಾರ ಹಿಡಿದು ಹಡಗು ಬಲಕ್ಕೆ ವಾಲಿ, ಎಡಕ್ಕೆ ಬಂದು, ಮತ್ತೆ ಬಲಕ್ಕೆ ತಲುಪುವ ಅವಧಿಯನ್ನು ಹತ್ತು ಬಾರಿ ಎಣಿಸಿ ಸರಾಸರಿ ತೆಗೆಯಿರಿ. ಹಡಗಿನ ಅಗಲವನ್ನು 0.8ರಿಂದ ಗುಣಿಸಿ, ಈ ಸೆಕೆಂಡುಗಳಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿದರೆ ಜಿ.ಎಂ. ಸುಮಾರಾಗಿ ಸಿಗುತ್ತದೆ. ಅಗಲ 12 ಮೀಟರ್, ಅವಧಿ 8 ಸೆಕೆಂಡ್ ಆದರೆ 1.44 ಮೀಟರ್, ಅದೇ ಹಡಗು 16 ಸೆಕೆಂಡ್ ತೆಗೆದುಕೊಂಡರೆ 0.36 ಮೀಟರ್ ಮಾತ್ರ. ನಿಧಾನವಾಗಿ ತೂಗುವ ಹಡಗಿನಲ್ಲಿ ಪ್ರಯಾಣಿಕರಿಗೆ ವಾಂತಿ ಬರುವುದಿಲ್ಲ, ತೊಟ್ಟಿಲಿನಂತಿದೆ ಎಂದು ಅವರು ಹೊಗಳುತ್ತಾರೆ. ಹಾಗೆ ತೂಗಿ ಕೊನೆಯಲ್ಲಿ ಒಂದು ಕ್ಷಣ ತಡೆದು ನಿಂತು ಮರಳುವ ಹಡಗೇ ಅಪಾಯದಲ್ಲಿರುವುದು.

ಸರಕಿನ ವಿಷಯದಲ್ಲಿ ಅದಿರಿನ ಪುಡಿಯ ಬಗ್ಗೆ ಎಚ್ಚರ ಬೇಕು. ಒದ್ದೆಯಾದ ಅದಿರು ಕಣ್ಣಿಗೆ ಗಟ್ಟಿ ಮಣ್ಣಿನಂತೆ ಕಂಡರೂ ಕಡಲಿನ ಕುಲುಕಾಟಕ್ಕೆ ಕೆಸರಾಗಿ ಹರಿದು ಒಂದು ಬದಿಗೆ ಸೇರುತ್ತದೆ. ಪಣಂಬೂರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಹಡಗು 2009ರ ಜುಲೈನಲ್ಲಿ ಮಂಗಳೂರಿನ ಸಮೀಪವೇ ವಾಲಿ ಮುಳುಗಿತು. ಅದರಲ್ಲಿದ್ದ 18 ಮಂದಿಯನ್ನು ಕರಾವಳಿ ಕಾವಲು ಪಡೆ ಉಳಿಸಿತು. ಸರಕಿನ ತೇವಾಂಶದ ಪ್ರಮಾಣಪತ್ರ ಕೈಗೆ ಬಂದ ಮೇಲೂ ಒಂದು ಡಬ್ಬಿಯಲ್ಲಿ ಅರ್ಧದಷ್ಟು ಪುಡಿ ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಒಂದೆರಡು ಸೆಕೆಂಡಿಗೊಮ್ಮೆ 25 ಬಾರಿಯಾದರೂ ಕುಟ್ಟಿ ನೋಡಿ. ಮೇಲೆ ನೀರು ಒಸರಿದರೆ ಹೇರುವುದನ್ನು ನಿಲ್ಲಿಸಿ ಮತ್ತೆ ಪ್ರಯೋಗಾಲಯದ ಪರೀಕ್ಷೆ ಕೇಳಬೇಕು. ನೀರು ಒಸರದಿದ್ದರೆ ಸರಕು ಸುರಕ್ಷಿತ ಎಂದು ಅರ್ಥವಲ್ಲ, ಅದು ಎಚ್ಚರಿಕೆಯ ಪರೀಕ್ಷೆ ಮಾತ್ರ.

ನಾಲ್ಕನೇ ಹಂತ: ಮಾರ್ಗದ ಯೋಜನೆ ಮತ್ತು ಅಳಿವೆ

ಪ್ರಯಾಣದ ಯೋಜನೆಯನ್ನು ಕಟ್ಟೆಯಿಂದ ಕಟ್ಟೆಯವರೆಗೆ ಬರೆಯಬೇಕು, ಬಂದರಿನ ಹೊರಗಿನಿಂದ ಅಲ್ಲ. ಮಂಗಳೂರಿನಿಂದ ಕವರತ್ತಿಗೆ ಸುಮಾರು 190 ನಾಟಿಕಲ್ ಮೈಲಿ. ಅದರಲ್ಲಿ ನಿದ್ದೆಗೆಡಿಸುವುದು ಮೊದಲ ಹತ್ತು ಮೈಲಿ ಮತ್ತು ಕೊನೆಯ ಎರಡು ಮೈಲಿ. ದಡದ ಗುಂಟ ಉತ್ತರಕ್ಕೆ ಹೊರಟರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಸುತ್ತಲಿನ ಬಂಡೆಗಳಿಗೆ ಎಷ್ಟು ದೂರ ಕೊಡುತ್ತೀರಿ, 1901ರಿಂದ ನಿಂತಿರುವ ಕಾಪು ದೀಪಸ್ತಂಭ ಯಾವ ಹೊತ್ತಿಗೆ ಯಾವ ದಿಕ್ಕಿನಲ್ಲಿ ಕಾಣಬೇಕು, ಎಂಜಿನ್ ನಿಂತರೆ ಎಲ್ಲಿ ಲಂಗರು ಹಾಕಬಹುದು ಎಂಬುದನ್ನು ಚಾರ್ಟಿನ ಮೇಲೆ ಗುರುತಿಸಿ. ಜಿಪಿಎಸ್ ತೋರಿಸಿದ ಜಾಗವನ್ನು ರಾಡಾರಿನಿಂದಲೋ ದಡದ ಗುರುತಿನಿಂದಲೋ ತಾಳೆ ನೋಡದೆ ನಂಬಬಾರದು.

ಅಳಿವೆ ದಾಟುವುದಕ್ಕೆ ಬೇರೆಯೇ ಸಿದ್ಧತೆ ಬೇಕು. ಖಂಬಾತ್ ಕೊಲ್ಲಿಯಲ್ಲಿ ಭರತ ಇಳಿತದ ಅಂತರ ಹತ್ತು ಮೀಟರ್ ಮುಟ್ಟುತ್ತದೆ. ನಮ್ಮಲ್ಲಿ ಅದು ಒಂದೂವರೆ ಮೀಟರಿನ ಆಸುಪಾಸು. ಅಂತರ ಚಿಕ್ಕದಾದ್ದರಿಂದಲೇ ಒಂದೊಂದು ಅಡಿಯೂ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ ದಿಬ್ಬದ ಮೇಲೆ ಚಾರ್ಟಿನ ಆಳ ಮೂರೂವರೆ ಮೀಟರ್, ಭರತದ ನೀರು ಒಂದು ಮೀಟರ್, ಹಡಗಿನ ಮುಳುಗು ಮೂರು ಮೀಟರ್ ಎಂದಿಟ್ಟುಕೊಳ್ಳಿ. ನಿಂತ ಹಡಗಿನ ತಳದಡಿ ಒಂದೂವರೆ ಮೀಟರ್ ನೀರಿದೆ. ಆದರೆ ಓಡುವ ಹಡಗು ಇನ್ನಷ್ಟು ಕುಸಿಯುತ್ತದೆ, ಆ ಕುಸಿತ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಇಕ್ಕಟ್ಟಾದ ನೀರಿನಲ್ಲಿ 0.7 ಬ್ಲಾಕ್ ಗುಣಾಂಕದ (ನೀರಿನೊಳಗಿನ ಒಡಲು ಎಷ್ಟು ಪೆಟ್ಟಿಗೆಯಾಕಾರದ್ದು ಎಂಬುದರ ಅಳತೆ) ಹಡಗು 8 ನಾಟ್ ವೇಗದಲ್ಲಿ ಸುಮಾರು 0.9 ಮೀಟರ್, 5 ನಾಟ್ ವೇಗದಲ್ಲಿ 0.35 ಮೀಟರ್ ಕುಸಿಯುತ್ತದೆ. ಒಂದೂವರೆ ಮೀಟರ್ ಎತ್ತರದ ತೆರೆಯ ತಗ್ಗು ಮತ್ತೆ 0.75 ಮೀಟರ್ ಕಸಿದುಕೊಳ್ಳುತ್ತದೆ. 8 ನಾಟ್‌ನಲ್ಲಿ ಹೋದವನ ಹಡಗು ತಳ ತಾಗುತ್ತದೆ. 5 ನಾಟ್‌ನಲ್ಲಿ ಹೋದವನಿಗೆ 0.4 ಮೀಟರ್ ಉಳಿಯುತ್ತದೆ. ಅಷ್ಟು ಸಾಲದು ಎಂದು ಕಟ್ಟೆಯಲ್ಲೇ ಕಾಯುವವನ ತೀರ್ಮಾನವೇ ನನಗೆ ಸರಿ ಎನಿಸುತ್ತದೆ.

ಇಳಿತದ ನೀರು ಹೊರಗೆ ಹರಿಯುತ್ತಿರುವಾಗ ಪಡುವಣದಿಂದ ತೆರೆ ಬಂದರೆ ಅಳಿವೆ ಬಾಗಿಲಿನಲ್ಲಿ ತೆರೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಘಟ್ಟದಲ್ಲಿ ಮಳೆ ಸುರಿದ ಮರುದಿನ ನದಿಯ ಸೆಳೆತ ಇನ್ನೂ ಹೆಚ್ಚು. ಆದ್ದರಿಂದ ಭರತದ ಕೊನೆಯ ಗಂಟೆಯಲ್ಲಿ, ಹಗಲು ಬೆಳಕಿನಲ್ಲಿ ದಾಟುವಂತೆ ಹೊರಡುವ ಸಮಯವನ್ನು ಹಿಂದಿನಿಂದ ಎಣಿಸಿ ಇಡಬೇಕು. ಮರಳದಿಬ್ಬ ಪ್ರತಿ ಮಳೆಗಾಲದ ನಂತರ ಜಾಗ ಬದಲಿಸುವುದರಿಂದ ಬಂದರು ಕಚೇರಿಯ ಇತ್ತೀಚಿನ ಆಳದ ಅಳತೆ ಕೇಳಿ, ಆ ವಾರ ದಾಟಿ ಬಂದ ಮಂಜಿ (ಸರಕು ದೋಣಿ) ಮತ್ತು ಮೀನುಗಾರಿಕಾ ಬೋಟುಗಳ ತಾಂಡೇಲರನ್ನೂ, ಎಂದರೆ ಅವನ್ನು ನಡೆಸುವವರನ್ನೂ, ಮಾತಾಡಿಸಿ.

ಐದನೇ ಹಂತ: ರಾತ್ರಿ, ಬೋಟುಗಳು, ದೀಪಗಳು

ನಿಯಮದ ಪ್ರಕಾರ ಟ್ರಾಲ್ ಬಲೆ ಎಳೆಯುವ ಬೋಟು ಬಿಳಿ ದೀಪದ ಮೇಲೆ ಹಸಿರು, ಬೇರೆ ಬಲೆಯವರು ಬಿಳಿಯ ಮೇಲೆ ಕೆಂಪು ದೀಪ ತೋರಿಸಬೇಕು. ಎಂಜಿನ್ನಿನಿಂದ ಸಾಗುವ ಹಡಗು ಮೀನುಗಾರಿಕೆಯಲ್ಲಿ ತೊಡಗಿದ ಬೋಟಿಗೆ ದಾರಿ ಬಿಡಬೇಕು. ನಾಡದೋಣಿಯಲ್ಲಿ ಒಂದು ಟಾರ್ಚು ಮಾತ್ರ ಇರುವುದೂ ಉಂಟು, ಅದು ರಾಡಾರಿನಲ್ಲಿ ಕಾಣದಿರುವುದೂ ಉಂಟು.

ನಾನು ಸೆಕೆಂಡ್ ಆಫೀಸರ್ ಆಗಿದ್ದಾಗ ಒಂದು ರಾತ್ರಿ ಮಲ್ಪೆಯ ಹೊರಗೆ ಉತ್ತರಕ್ಕೆ ಸಾಗುತ್ತಿದ್ದೆವು. ಬಲಗಡೆ ಊರಿನ ದೀಪಗಳ ಸಾಲು. ಅದರ ನಡುವಿನ ಒಂದು ಬಿಳಿ ದೀಪವನ್ನು ದಡದ್ದೆಂದೇ ನಾನು ಎಣಿಸಿದ್ದೆ. ಪಕ್ಕದಲ್ಲಿ ನೋಟ ಇಡುತ್ತಿದ್ದ ಗಂಗೊಳ್ಳಿಯ ಹಿರಿಯ ನಾವಿಕರು ಮೆಲ್ಲಗೆ ಹೇಳಿದರು: "ಸರ್, ಆ ದೀಪ ಅಲ್ಲಾಡ್ತಾ ಉಂಟು. ಅದು ದಡದ್ದಲ್ಲ." ಬೈನಾಕ್ಯುಲರಿನಲ್ಲಿ ನೋಡಿದೆ. ಉಳಿದ ದೀಪಗಳೆಲ್ಲ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿದ್ದವು. ಅದೊಂದು ಮಾತ್ರ ತೆರೆಯ ಜೊತೆ ಏರಿ ಇಳಿಯುತ್ತಿತ್ತು. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ ಕೆಲವೇ ನಿಮಿಷಗಳಲ್ಲಿ ದೋಣಿಯಲ್ಲಿ ಕುಳಿತಿದ್ದ ಮೂವರ ಮುಖ ಕಾಣುವಷ್ಟು ಹತ್ತಿರದಲ್ಲಿ ಅವರನ್ನು ದಾಟಿದೆವು. ತಪ್ಪು ಪೂರ್ತಿ ನನ್ನದು. ಅಂದಿನಿಂದ ನನ್ನ ರಾತ್ರಿಯ ಆದೇಶ ಪುಸ್ತಕದ ಮೊದಲ ಸಾಲು ಒಂದೇ: ದಡದ ದೀಪಗಳ ನಡುವೆ ಅಲ್ಲಾಡುವ ದೀಪ ಹುಡುಕಿ, ಅನುಮಾನ ಬಂದರೆ ನನ್ನನ್ನು ಎಬ್ಬಿಸಿ.

ಎಬ್ಬಿಸಿದಾಗ ಎಚ್ಚರವಾಗುವ ಸ್ಥಿತಿಯಲ್ಲಿ ಕ್ಯಾಪ್ಟನ್ ಇರಬೇಕಾದರೆ ಅವರಿಗೂ ನಿದ್ದೆ ಬೇಕು. ಯಾವುದೇ 24 ಗಂಟೆಗಳಲ್ಲಿ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಎಂಬುದು ಕನಿಷ್ಠ ಮಿತಿ. ದಿನದ ವಿಶ್ರಾಂತಿಯನ್ನು ಎರಡಕ್ಕಿಂತ ಹೆಚ್ಚು ಪಾಲು ಮಾಡುವಂತಿಲ್ಲ, ಒಂದು ಪಾಲಾದರೂ ಆರು ಗಂಟೆ ಇರಬೇಕು. ದಿನಕ್ಕೊಂದು ಬಂದರು ಮುಟ್ಟುವ ಕರಾವಳಿ ಹಡಗಿನಲ್ಲಿ ಮೊದಲು ಬಲಿಯಾಗುವುದು ಇದೇ. ದಾಖಲೆ ಪುಸ್ತಕದಲ್ಲಿ ಸುಳ್ಳು ಗಂಟೆ ಬರೆಯದೆ ಹೊರಡುವುದನ್ನು ಮುಂದೂಡುವ ಅಧಿಕಾರ ನಿಮಗಿದೆ. ಸುರಕ್ಷತೆಗಾಗಿ ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನಕ್ಕೆ ಹಡಗಿನ ಮಾಲೀಕರಾಗಲಿ ಬೇರೆ ಯಾರಾಗಲಿ ಅಡ್ಡಬರುವಂತಿಲ್ಲ ಎಂದು ಸೋಲಾಸ್, ಎಂದರೆ ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ, ಸ್ಪಷ್ಟವಾಗಿ ಹೇಳುತ್ತದೆ. ಕಚೇರಿಯಿಂದ ಫೋನ್ ಬಂದಾಗ ಗಾಳಿಯ ವೇಗ, ತೆರೆಯ ಎತ್ತರ, ತಳದಡಿಯ ನೀರು, ಈ ಮೂರು ಅಂಕಿಗಳನ್ನು ಹೇಳಿ, ವಾದ ಬೇಡ.

ಆರನೇ ಹಂತ: ಪ್ರಯಾಣಿಕರು

ಹೊರಡುವ ಮುನ್ನ ಸುರಕ್ಷತೆಯ ಸೂಚನೆಯನ್ನು ಪ್ರಯಾಣಿಕರಿಗೆ ಬರುವ ಭಾಷೆಯಲ್ಲೇ ಹೇಳಿಸಿ. ನಮ್ಮ ಮಾರ್ಗದಲ್ಲಿ ಅದು ಕನ್ನಡ ಮತ್ತು ಮಲಯಾಳ. ಇಂಗ್ಲಿಷಿನ ಧ್ವನಿಮುದ್ರಣ ಹಾಕಿ ಕೈತೊಳೆದುಕೊಂಡರೆ ಪ್ರಯೋಜನವಿಲ್ಲ. ಲೈಫ್ ಜಾಕೆಟ್ಟನ್ನು ಒಬ್ಬ ಸಿಬ್ಬಂದಿ ಎದುರಿಗೇ ನಿಂತು ತೊಟ್ಟು ತೋರಿಸಬೇಕು, ಮಕ್ಕಳ ಅಳತೆಯವು ಎಲ್ಲಿವೆ ಎಂದು ತಾಯಂದಿರಿಗೆ ತಿಳಿದಿರಬೇಕು. ಪ್ರಯಾಣಿಕ ಹಡಗಿನಲ್ಲಿ ಬೆಂಕಿ ಮತ್ತು ಹಡಗು ಬಿಡುವ ಅಭ್ಯಾಸ ವಾರಕ್ಕೊಮ್ಮೆ ನಡೆಯಬೇಕೆಂದು ಸೋಲಾಸ್ ಹೇಳುತ್ತದೆ. ಆ ಒಪ್ಪಂದ ಹೊರದೇಶದ ಪ್ರಯಾಣಗಳಿಗಾಗಿ ಬರೆದದ್ದಾದರೂ ಕರಾವಳಿಯ ಕ್ಯಾಪ್ಟನ್ ಅದಕ್ಕಿಂತ ಕಡಿಮೆ ಮಾಡಬಾರದು.

ಲಕ್ಷದ್ವೀಪದ ಹಲವೆಡೆ ಹಡಗು ಹವಳದ ದಿಬ್ಬ ಸುತ್ತುವರಿದ ಲಗೂನಿನ ಹೊರಗೆ ನಿಂತು, ಜನರು ಚಿಕ್ಕ ದೋಣಿಗಳಿಗೆ ಇಳಿಯಬೇಕಾಗುತ್ತದೆ. ಆಗ ಹಡಗನ್ನು ಗಾಳಿ ಮತ್ತು ತೆರೆಗೆ ಅಡ್ಡ ನಿಲ್ಲಿಸಿ, ಮರೆಯ ಬದಿಯಲ್ಲಿ ದೋಣಿ ತಾಗುವಂತೆ ಮಾಡಿ. ತೆರೆ ದೋಣಿಯನ್ನು ಮೇಲೆತ್ತಿದ ಕ್ಷಣದಲ್ಲೇ ಹೆಜ್ಜೆ ಇಡಿಸಬೇಕು. ಅದು ಕೆಳಗಿಳಿಯುವಾಗ ಹೆಜ್ಜೆ ಇಟ್ಟವರು ಬೀಳುತ್ತಾರೆ. ಬಾಗಿಲಲ್ಲಿ ಒಬ್ಬರು, ದೋಣಿಯಲ್ಲಿ ಇಬ್ಬರು ಅನುಭವಿ ನಾವಿಕರು ಕೈ ಹಿಡಿಯಲು ಇರಲಿ. ಸಾಮಾನು ಬೇರೆಯಾಗಿ ಹೋಗಲಿ, ಇಳಿಯುವವರ ಎರಡೂ ಕೈ ಖಾಲಿ ಇರಲಿ.

ಅಪಾಯ ಬಂದಾಗ

ಜೀವಕ್ಕೆ ಅಪಾಯವಾದರೆ ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ಮೇಡೇ, ಡಿಎಸ್‌ಸಿ (ರೇಡಿಯೋದ ಡಿಜಿಟಲ್ ತುರ್ತು ಕರೆ) ಗುಂಡಿಯಿಂದ ಚಾನೆಲ್ 70ರಲ್ಲಿ ಸಂಕೇತ. ಅಷ್ಟು ತೀವ್ರವಲ್ಲದಿದ್ದರೆ ಪ್ಯಾನ್ ಪ್ಯಾನ್. ಮೊಬೈಲ್ ಸಿಗ್ನಲ್ ಇರುವಲ್ಲಿ ಕರಾವಳಿ ಕಾವಲು ಪಡೆಯ 1554 ಸಂಖ್ಯೆಯೂ ಇದೆ. ಕರೆಯುವುದನ್ನು ತಡಮಾಡಬೇಡಿ. ಬೇರೆಯವರ ಕರೆ ಕೇಳಿಸಿದರೆ ಹೋಗುವುದು ನಿಮ್ಮ ಕರ್ತವ್ಯ. 2015ರ ಜೂನ್‌ನಲ್ಲಿ ಒಡಿಶಾದ ಗೋಪಾಲಪುರದ ಹೊರಗೆ ಎಂಜಿನ್ ಕೆಟ್ಟು ತೇಲಿಹೋಗುತ್ತಿದ್ದ ಬೋಟಿನ ಏಳು ಮೀನುಗಾರರನ್ನು ಬಿರುಸು ಕಡಲಿನಲ್ಲಿ ಕ್ಯಾಪ್ಟನ್ ರಾಧಿಕಾ ಮೆನನ್ ತಮ್ಮ ಟ್ಯಾಂಕರಿಗೆ ಹತ್ತಿಸಿಕೊಂಡರು. ನಮ್ಮ ವಾಣಿಜ್ಯ ನೌಕಾಯಾನದಲ್ಲಿ ಕ್ಯಾಪ್ಟನ್ ಆದ ಮೊದಲ ಭಾರತೀಯ ಮಹಿಳೆ ಅವರು.

ಹಡಗು ಮತ್ತೆ ಕಟ್ಟೆಗೆ ಬಂದ ಮೇಲೆ ಲಾಗ್ ಪುಸ್ತಕದ ಜೊತೆಗೆ ನಿಮ್ಮದೇ ಒಂದು ನೋಟು ಪುಸ್ತಕ ಇಟ್ಟುಕೊಳ್ಳಿ. ಅಳಿವೆ ದಾಟಿದ ತಾರೀಕು, ಸಮಯ, ಭರತದ ಎತ್ತರ, ಹಡಗಿನ ಮುಳುಗು, ವೇಗ, ತಳದಡಿ ಎಕೋ ಸೌಂಡರ್ ತೋರಿಸಿದ ಅತಿ ಕಡಿಮೆ ನೀರು, ಬಲೆ ಹೆಚ್ಚಿದ್ದ ಜಾಗ, ಇಷ್ಟನ್ನು ಅದೇ ದಿನ ಬರೆದಿಡಿ. ರಜೆಗೆ ಹೊರಡುವಾಗ ಬದಲಿಗೆ ಬರುವ ಕ್ಯಾಪ್ಟನ್‌ಗೆ ಕಾಗದಪತ್ರಗಳ ಜೊತೆ ಆ ಪುಸ್ತಕವನ್ನೂ ಕೈಗೆ ಕೊಟ್ಟು, ಕೊನೆಯ ನಾಲ್ಕು ಪುಟಗಳನ್ನು ಅವರೊಂದಿಗೆ ಕುಳಿತು ಓದಿ.